ಬೂದು ಹೂವಿನ ಸ್ಟ್ಯಾಂಪು

ಅಂಚೆ ದರ ಏರಿದಾಗಿನಿಂದ ನಮ್ಮ ಯಜಮಾನರು ಟೊಕುಮರು ಅವರಿಗೆ ದುಡ್ಡು ಉಳಿಸುವ ಹುಚ್ಚು ಹಿಡಿದಿತ್ತು. ತಾಕಾಓಕಾ ಸ್ಟೇಷನ್ನಿನ ಹಿಂದೆ ನಮ್ಮದು ಇಬ್ಬರೇ ಇರುವ ಪುಟ್ಟ ಆಫೀಸು. ಮದುವೆಯ ಕರೆಯೋಲೆ ಅಚ್ಚು ಹಾಕುವುದು, ಲಕೋಟೆಯ ಮೇಲೆ ಕುಂಚದಲ್ಲಿ ವಿಳಾಸ ಬರೆಯುವುದು, ಅಂಚೆಗೆ ಹಾಕುವುದು, ಇಷ್ಟೇ ಕಸುಬು. ವಿಳಾಸ ಬರೆಯುವವಳು ನಾನು, ಕಿನುಎ. ಮಿಕ್ಕಿದ್ದೆಲ್ಲ ಅವರದ್ದು, ತಲೆಬಿಸಿಯೂ ಅವರದ್ದೇ.

"ಸ್ಟ್ಯಾಂಪಿನ ಬದಲು ಮೊಹರು ಹೊಡೆಯೋ ಮಷೀನು ಬಾಡಿಗೆಗೆ ತಗೊಳ್ಳೋಣ್ವಾ, ಕಿನುಎ-ಸಾನ್?" ಅಂದರು ಒಂದು ದಿನ.

"ಅದಕ್ಕೆ ಬಾಡಿಗೆ ಕಟ್ಟಿ ನನಗೆ ಸಂಬಳ ಎಲ್ಲಿಂದ ಕೊಡ್ತೀರಿ?"

"ಹಾಗಾದ್ರೆ ಅಂಚೆ ಕಚೇರಿಗೆ ಒಟ್ಟಿಗೆ ದುಡ್ಡು ಕಟ್ಟಿ, ಸ್ಟ್ಯಾಂಪಿನ ಜಾಗದಲ್ಲಿ ಒಂದು ದುಂಡು ಮುದ್ರೆ ಅಚ್ಚು ಹಾಕಿಬಿಡೋಣ."

"ಕರೆಂಟ್ ಬಿಲ್ಲಿನ ಮೇಲೆ ಇರೋ ಅದೇ ಮುದ್ರೆ ತಾನೆ? ಮದುವೆ ಕರೆಯೋಲೆ ಮೇಲೆ ಬಹಳ ಚೆನ್ನಾಗಿರುತ್ತೆ, ಹಾಕಿ."

ಪಾಪ, ಮುಖ ಸಣ್ಣದಾಯಿತು. ಕೊನೆಗೆ ಅವರೇ ಒಂದು ದಾರಿ ಹುಡುಕಿದರು. ಸ್ಟೇಷನ್ ಎದುರಿಗೆ ಜನ ಬಳಸದೆ ಉಳಿಸಿಕೊಂಡ ರೈಲು ಟಿಕೆಟ್ಟು, ಸ್ಟ್ಯಾಂಪು ಎಲ್ಲ ಕೊಂಡು, ಮುಖಬೆಲೆಗಿಂತ ಕಡಿಮೆಗೆ ಮಾರುವ ಒಂದು ಅಂಗಡಿ ಇದೆ. ಅಲ್ಲಿ ಹಾಳೆಗಟ್ಟಲೆ ಸ್ಟ್ಯಾಂಪು ತಂದರಾಯಿತು ಅಂದರು. ನಾನೂ ಹೂಂ ಅಂದೆ.

ಹಾಗೆ ತಂದ ಸ್ಟ್ಯಾಂಪು ಮೊದಲು ಬಿದ್ದದ್ದು ನನ್ನ ತಂಗಿಯ ಮದುವೆಯ ಲಕೋಟೆಗಳಿಗೆ. ಚಿಜೂರು ನನ್ನ ಒಬ್ಬಳೇ ತಂಗಿ. ಮೊದಲ ಗಂಡ ಮದುವೆಯಾದ ವರ್ಷವೇ ಎದೆನೋವಿನಿಂದ ಹೋದ. ಈಗ ಶುನ್ಸಾಕು ಎಂಬ ಒಳ್ಳೆಯ ಮನುಷ್ಯ ಸಿಕ್ಕಿದ್ದಾನೆ. ಆದರೆ ಅವನನ್ನು ಸಾಕಿದ ದೊಡ್ಡಮ್ಮ ಮಿತ್ಸುನೊ, "ಗಂಡನನ್ನ ತಿಂದ್ಕೊಂಡವಳು ನಮ್ಮನೆಗೆ ಬೇಡ" ಎಂದು ಪಟ್ಟು ಹಿಡಿದಿದ್ದರು. ದೊಡ್ಡಮ್ಮ ಎದುರಿಗೆ ಕೂರದಿದ್ದರೆ ನಾನು ಮದುವೆಗೆ ಕೂರುವುದಿಲ್ಲ ಎಂದು ಅವನೂ ಹೇಳಿಬಿಟ್ಟಿದ್ದ. ಎರಡು ವರ್ಷ ಚಿಜೂರು ಆ ಮನೆಗೆ ಹೋಗಿ ಮೂಲಂಗಿ ಉಪ್ಪಿನಕಾಯಿ ಹಾಕಿದಳು, ಅಂಗಳದ ಹಿಮ ಎತ್ತಿ ಹಾಕಿದಳು, ಬೈಸಿಕೊಂಡಳು. ಮೊನ್ನೆ ಮೊನ್ನೆ ಮುದುಕಿ ಕರಗಿ, "ಸರಿ, ಕರೆಯೋಲೆ ಕಳಿಸ್ಲಿ, ನೋಡೋಣ" ಅಂದಿದ್ದರು. ಆ ದಿನ ಅಕ್ಕ ತಂಗಿ ಇಬ್ಬರೂ ಅಡುಗೆಮನೆಯಲ್ಲಿ ನಿಂತು ಅತ್ತೆವು.

ವಿಳಾಸ ಬರೆದು ಮುಗಿಸಿ ನಾನು ಜ್ವರ ಬಂದು ಮಲಗಿದೆ. ಎದ್ದು ಆಫೀಸಿಗೆ ಬಂದಾಗ ಮೇಜಿನ ಮೇಲೆ ಉಳಿದ ಸ್ಟ್ಯಾಂಪಿನ ಹಾಳೆ ಇತ್ತು. ಬೂದು ಬಣ್ಣದ ಹೂವು. ನಮ್ಮಲ್ಲಿ ಶುಭಕಾರ್ಯಕ್ಕೆ ಬೇರೆ ಸ್ಟ್ಯಾಂಪು, ಸಾವಿನ ಮನೆಯ ಕಾಗದಕ್ಕೆ ಬೇರೆ ಸ್ಟ್ಯಾಂಪು. ಇದು ಸಾವಿನದು.

"ಯಜಮಾನ್ರೇ, ಇದನ್ನ ಅಂಟಿಸಿ ಅಂಚೆಗೆ ಹಾಕಿಬಿಟ್ರಾ?"

"ಹೂಂ. ಎಲ್ಲಕ್ಕಿಂತ ಅಗ್ಗ ಇತ್ತು. ತಣ್ಣಗೆ, ಗಂಭೀರವಾಗಿ ಚೆನ್ನಾಗಿದೆ ಅಲ್ವಾ?"

"ಇದು ಸತ್ತವರ ಮನೆಯವರು ಹಚ್ಚೋದು."

ಅವರು ಹಾಳೆಯನ್ನು ಕೈಗೆ ತೆಗೆದುಕೊಂಡು ನೋಡಿದರು. "ಅದರ ಮೇಲೆ ಎಲ್ಲೂ ಹಾಗೆ ಬರೆದಿಲ್ಲವಲ್ಲ," ಅಂದರು. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ತೀರಿಹೋದ ಅವರ ಹೆಂಡತಿ.

ಇಬ್ಬರೂ ಅಂಚೆ ಕಚೇರಿಗೆ ಓಡಿದೆವು. ಕೌಂಟರಿನ ಹೆಂಗಸು ಸಮಾಧಾನವಾಗಿ ಕೇಳಿಸಿಕೊಂಡು, ಬೇರೆ ಊರಿನವನ್ನು ಆಯಾ ಊರಿಗೆ ಫೋನು ಮಾಡಿ ತಡೆಯಲು ನೋಡುತ್ತೇವೆ ಎಂದಳು. "ಈ ಊರಿನವು ಮಾತ್ರ ಬೆಳಿಗ್ಗೆನೇ ಬೈಕಿನಲ್ಲಿ ಹೊರಟುಹೋಗಿವೆ. ದಯವಿಟ್ಟು ಕ್ಷಮಿಸಿ."

ಈ ಊರಿನದು ಅಂದರೆ ಮಿತ್ಸುನೊ ದೊಡ್ಡಮ್ಮನದು. ಯಜಮಾನರನ್ನು ಅಲ್ಲೇ ಬಿಟ್ಟು ಸೈಕಲ್ಲು ಹತ್ತಿದೆ. ಅಂಚೆಯವನು ಇನ್ನೂ ಆ ಬೀದಿಗೆ ಬಂದಿರದಿದ್ದರೆ ಸಾಕು, ಅವನ ಕಾಲು ಹಿಡಿದಾದರೂ ಆ ಒಂದು ಲಕೋಟೆ ಕಿತ್ತುಕೊಳ್ಳುತ್ತೇನೆ ಎಂದುಕೊಂಡು ತುಳಿದೆ. ಸೇತುವೆ ದಾಟುವಾಗ ಎದುರಿಗೆ ಅವನ ಕೆಂಪು ಬೈಕು ಆ ಕಡೆಯಿಂದ ವಾಪಸು ಬರುತ್ತಿತ್ತು. ದಾರಿಯಲ್ಲೇ ಕೂತು ಅತ್ತುಬಿಡೋಣ ಅನ್ನಿಸಿತು.

ದೊಡ್ಡಮ್ಮನೇ ಬಾಗಿಲು ತೆಗೆದರು. "ಏನಮ್ಮ ಇದು, ಮೈಯೆಲ್ಲ ಬೆವರು? ಬಾ ಒಳಗೆ. ಕರೆಯೋಲೆ ಆಗಲೇ ಬಂತು."

ನಾನು ಚಪ್ಪಲಿ ಬಿಡುವ ಕಟ್ಟೆಯ ಮೇಲೇ ಮಂಡಿಯೂರಿ ಹಣೆ ನೆಲಕ್ಕೆ ಹಚ್ಚಿದೆ.

"ದೊಡ್ಡಮ್ಮ, ತಪ್ಪೆಲ್ಲ ನಮ್ಮ ಆಫೀಸಿನದು. ಚಿಜೂರುಗೆ ಏನೂ ಗೊತ್ತಿಲ್ಲ. ಆ ಸ್ಟ್ಯಾಂಪು ಅವಳು ಹಚ್ಚಿದ್ದಲ್ಲ. ನೀವು ಅಪಶಕುನ ಅಂತ ಮಾತ್ರ ಅಂದ್ಕೋಬೇಡಿ. ಅವಳ ಮೊದಲನೆಯವನ ಥರ ಶುನ್ಸಾಕು-ಸಾನ್‌ಗೆ ಏನೂ ಆಗಲ್ಲ. ನಿಮ್ಮ ದಮ್ಮಯ್ಯ."

"ಯಾವ ಸ್ಟ್ಯಾಂಪು?" ಅಂದರು ದೊಡ್ಡಮ್ಮ.

ತಲೆ ಎತ್ತಿದೆ. ಅವರು ಕನ್ನಡಕವನ್ನೇ ಹಾಕಿರಲಿಲ್ಲ. ಹಿಂದೆ ಕೋಣೆಯಲ್ಲಿ, ಗಂಡನ ಫೋಟೋ ಇಟ್ಟ ಪೂಜೆಯ ಗೂಡಿನಲ್ಲಿ, ಕರೆಯೋಲೆಯ ಜೊತೆ ಬಂದ, ಬರುತ್ತೀರೋ ಇಲ್ಲವೋ ಎಂದು ಉತ್ತರ ಬರೆಯುವ ಕಾರ್ಡು ಒರಗಿಸಿಟ್ಟಿದ್ದರು. 'ಬರುತ್ತೇನೆ' ಎಂಬುದರ ಸುತ್ತ ದಪ್ಪ ಸುತ್ತು, ಪಕ್ಕದಲ್ಲಿ ನಡುಗುವ ಕೈಯಲ್ಲಿ 'ಬಹಳ ಸಂತೋಷ' ಎಂದು ಬರೆದಿತ್ತು. ನನ್ನ ಬಾಯಿಗೆ ಬೆಂಕಿ ಬೀಳ.

ಅವರು ಒಳಗೆ ಹೋಗಿ ಕನ್ನಡಕ ಹಾಕಿಕೊಂಡು, ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಅಂಚೆ ಕಚೇರಿಯವರು ಮಾರೋದನ್ನ ಹಚ್ಚಿದ್ದೀರಿ, ಅಷ್ಟೇ ತಾನೆ," ಅಂದರು. "ಇದರಿಂದ ಏನಾಗ್ಬೇಕು ಹೇಳು."

"ಹೌದು ದೊಡ್ಡಮ್ಮ. ಏನೂ ಆಗಲ್ಲ."

"ಏನೂ ಆಗಲ್ಲ ಅಂದ್ರೆ ನೀನು ಯಾಕೆ ಓಡಿ ಬಂದೆ?"

ನಾನು ಮತ್ತೆ ಹಣೆ ನೆಲಕ್ಕೆ ಹಚ್ಚಿದೆ.

"ಅದೆಲ್ಲ ಸುಳ್ಳು, ಆ ಹುಡುಗಿ ಒಳ್ಳೆಯವಳು, ಅವಳ ಕಾಲ್ಗುಣಕ್ಕೂ ಆ ಸಾವಿಗೂ ಸಂಬಂಧ ಇಲ್ಲ ಅಂತ ಎರಡು ವರ್ಷ ನನಗೆ ನಾನೇ ಹೇಳ್ಕೊಂಡೆ. ನಂಬಿಯೂ ಬಿಟ್ಟಿದ್ದೆ ಕಣಮ್ಮ. ಈಗ ನಿನ್ನ ಮುಖ ನೋಡಿದ್ರೆ ನನಗೆ ಹೆದರಿಕೆ ಆಗ್ತಿದೆ. ಒಡಹುಟ್ಟಿದ ಅಕ್ಕನಿಗೇ ಇಷ್ಟು ಭಯ ಇದ್ರೆ, ಇರೋ ಒಬ್ಬ ಹುಡುಗನ್ನ ನಾನು ಅವಳಿಗೆ ಹೇಗೆ ಒಪ್ಪಿಸ್ಲಿ?"

"ದೊಡ್ಡಮ್ಮ, ನನಗೇನೂ ಭಯ ಇಲ್ಲ." ಹೇಳುವಾಗ ನನ್ನ ದನಿ ನನಗೇ ಕೇಳಿಸಲಿಲ್ಲ.

ಅವರು ಗೂಡಿನಿಂದ ಕಾರ್ಡು ತೆಗೆದು ಮೇಜಿನ ಮುಂದೆ ಕೂತರು. ಅಳತೆಪಟ್ಟಿ ಇಟ್ಟು 'ಬರುತ್ತೇನೆ' ಎಂಬುದರ ಮೇಲೆ ಎರಡು ಗೆರೆ ಎಳೆದರು. 'ಬಹಳ ಸಂತೋಷ' ಎಂಬುದರ ಮೇಲೂ ಎಳೆದರು. ಕೋಪವೇನೂ ಇರಲಿಲ್ಲ, ಕಣ್ಣಲ್ಲಿ ನೀರಿತ್ತು. ಆಮೇಲೆ 'ಬರಲಾಗುವುದಿಲ್ಲ' ಎಂಬುದಕ್ಕೆ ಸುತ್ತು ಹಾಕಿ ಎದ್ದು ಬಂದರು.

"ಹೇಗೂ ಬಂದಿದ್ದೀಯಲ್ಲ, ನೀನೇ ಅವಳ ಕೈಗೆ ಕೊಟ್ಬಿಡು. ಅಂಚೆಗೆ ಹಾಕೋದು ಬೇಡ."

ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ನಡು ಬಗ್ಗಿಸಿ ನಮಸ್ಕಾರ ಮಾಡಿ ಹೊರಗೆ ಬಂದೆ.