ಉದಯಣ್ಣ ಒತ್ತಿದ 'ಹೌದು'

ವಿದೇಶದಲ್ಲಿ ದುಡಿದು ಬಂದವರ ತೆರಿಗೆ ವಾಪಸಿನ ಕೆಲಸವನ್ನು ಇನ್ನು ಮುಟ್ಟುವುದಿಲ್ಲ ಎಂದು ನಾನು ತೀರ್ಮಾನಿಸಿದ್ದೇನೆ. ದೇಶ ಯಾವುದೆಂದೂ ಹೇಳುವುದಿಲ್ಲ. ಹೇಳಿದರೆ ನಾಳೆ ಬೆಟ್ಟಂಪಾಡಿಯಿಂದ ಗುಂಡ್ಯದವರೆಗಿನ ಜನ ಅದೇ ಕೆಲಸ ಹಿಡಿದುಕೊಂಡು ಪುತ್ತೂರಿನ ನನ್ನ ಆಫೀಸಿನ ಮೆಟ್ಟಿಲು ಹತ್ತುತ್ತಾರೆ. ಬೋರ್ಡಿನಲ್ಲಿ ನನ್ನ ಹೆಸರು ಹಾಕಿ 'ಸಾಕ್ಷಿ, ತೆರಿಗೆ ಸಲಹೆಗಾರರು' ಎಂದು ಬರೆಸಿದ್ದೇನೆ. ಅದರಲ್ಲಿ ಸಲಹೆ ಎಂಬ ಶಬ್ದವನ್ನು ಯಾರೂ ಓದುವುದಿಲ್ಲ.

ಉದಯಣ್ಣ ಮಂಡೆಕೋಲಿನವರು. ಪಿಕಪ್ ಓಡಿಸಿಕೊಂಡು ಚೆನ್ನಾಗಿಯೇ ಇದ್ದರು. ಒಂದು ಸೀಸನ್ನಿನ ಮಟ್ಟಿಗೆ ಹೊರದೇಶದಲ್ಲಿ ಹಣ್ಣು ಪ್ಯಾಕ್ ಮಾಡುವ ಕೆಲಸ ಇದೆ ಎಂದು ಯಾರೋ ಏಜೆಂಟ್ ಹೇಳಿದ್ದೇ ತಡ, ಗಾಡಿಯನ್ನು ಸಾಹುಲ್ ಹಮೀದರಿಗೆ ಮಾರಿ ವಿಮಾನ ಹತ್ತಿದರು. ಸಾಹುಲ್ ಹಮೀದ್ ಹಳೆಯ ಗಾಡಿಗಳ ವ್ಯಾಪಾರಿ, ಒಳ್ಳೆಯ ಮನುಷ್ಯ. ಏಪ್ರಿಲ್ ನಡುವಿನ ಬಿಸು ಹಬ್ಬದವರೆಗೆ ಬೇರೆಯವರಿಗೆ ಕೊಡುವುದಿಲ್ಲ, ಅಷ್ಟರೊಳಗೆ ಹಣ ಕೊಟ್ಟು ವಾಪಸು ತೆಗೆದುಕೊಳ್ಳಿ ಎಂದಿದ್ದರು. ಉದಯಣ್ಣ ದುಡಿದದ್ದರಲ್ಲಿ ಏಜೆಂಟನ ಪಾಲು, ಮನೆ ಖರ್ಚು ಕಳೆದು ಗಾಡಿಯ ಹಣಕ್ಕೆ ಸ್ವಲ್ಪ ಕೊರತೆ ಬಿತ್ತು. ಆ ಕೊರತೆ ತುಂಬಬೇಕಾದದ್ದು ತೆರಿಗೆ ವಾಪಸಿನ ಹಣ.

ಅಲ್ಲಿ ವಾರ ವಾರ ಸಂಬಳದಲ್ಲಿ ತೆರಿಗೆ ಹಿಡಿದಿದ್ದರು, ಇವನು ವರ್ಷವಿಡೀ ದುಡಿಯುತ್ತಾನೆ ಎಂಬ ಲೆಕ್ಕದಲ್ಲಿ. ಅರ್ಧ ವರ್ಷವೂ ಆಗುವ ಮೊದಲು ಹೊರಟು ಬಂದವನಿಗೆ ಹೆಚ್ಚು ಹಿಡಿದದ್ದು ವಾಪಸು ಸಿಗುತ್ತದೆ, ಆದರೆ ಕೇಳಬೇಕು. ಇದನ್ನು ನಾನು ಒಂದೆರಡು ಸಲ ಹೇಳಿದ್ದಲ್ಲ. ಉದಯಣ್ಣನ ತಲೆಯಲ್ಲಿ ಅದು ಗ್ಯಾಸ್ ಸಬ್ಸಿಡಿಯ ಹಾಗೆ ತನ್ನಷ್ಟಕ್ಕೆ ಬ್ಯಾಂಕಿಗೆ ಬಂದು ಬೀಳುವ ಸಂಗತಿ. ಪಾನ್ ಕಾರ್ಡ್ ತರಲಾ ಎಂದು ಕೇಳಿದರು. ಅದು ಬೇರೆ ಸರಕಾರ ಮಾರಾಯ್ರೆ ಎಂದೆ. ಮರುದಿನ ಆಧಾರ್ ಕಾರ್ಡ್ ತಂದರು.

ಕೊನೆಗೆ ನನಗೆ ತೊಂದರೆ ಕೊಡಬಾರದೆಂದು ತಾವೇ ಮೊಬೈಲಿನಲ್ಲಿ ಅರ್ಜಿ ತುಂಬಿಸಿ ಕಳಿಸಿಬಿಟ್ಟರು. ಆ ಸೌಜನ್ಯವೇ ನನ್ನ ತಲೆಗೆ ಬಂತು. ಫೆಬ್ರವರಿಯಲ್ಲಿ ಅಲ್ಲಿಂದ ಬಂದ ಉತ್ತರ ಹಿಡಿದುಕೊಂಡು, ತಾಯಿ ನೀಲಾವತಿ ಅಮ್ಮನನ್ನೂ ಕರೆದುಕೊಂಡು ನನ್ನೆದುರು ಕೂತರು. ನೀವು ಮತ್ತೆ ಕೆಲಸಕ್ಕೆ ಬರುವುದಾಗಿ ತಿಳಿಸಿರುವುದರಿಂದ ಈಗ ಹಣ ಕೊಡಲಾಗುವುದಿಲ್ಲ, ಬಂದ ಮೇಲೆ ಲೆಕ್ಕ ನೋಡೋಣ ಎಂದು ಅದರಲ್ಲಿತ್ತು. ಅರ್ಜಿ ತೆರೆದು ನೋಡಿದೆ. ಕೆಲಸಕ್ಕಾಗಿ ಈ ದೇಶಕ್ಕೆ ಮತ್ತೆ ಬರುವಿರಾ ಎಂಬ ಪ್ರಶ್ನೆಗೆ ಉದಯಣ್ಣ 'ಹೌದು' ಎಂದು ಒತ್ತಿದ್ದರು.

ಪುನಃ ಹೋಗುವ ಯೋಚನೆ ಇದೆಯಾ ಎಂದು ಕೇಳಿದೆ. ಖಂಡಿತ ಇಲ್ಲವಂತೆ. ಆ ತಣ್ಣನೆಯ ಗೋದಾಮಿನಲ್ಲಿ ನಿಂತು ನಿಂತು ಬೆರಳೆಲ್ಲ ಬಾತುಹೋಗಿತ್ತಂತೆ. ಪಿಕಪ್ ಕೈಗೆ ಸಿಕ್ಕಿದರೆ ಬಾಡಿಗೆ ಇಲ್ಲದೆ ಸುಳ್ಯವನ್ನೂ ದಾಟುವುದಿಲ್ಲವಂತೆ.

"ಮತ್ತೆ ಹೌದು ಅಂತ ಎಂತಕ್ಕೆ ಒತ್ತಿದ್ದು?"

"ಬರುದಿಲ್ಲ ಅಂತ ಹೇಗೆ ಹೇಳುದು ಅಕ್ಕ? ಅಷ್ಟು ಸಮಯ ಅನ್ನ ಕೊಟ್ಟ ಜಾಗ. ಹೊರಡುವಾಗ ಎಲ್ಲರ ಹತ್ರ ಹೋಗಿ ಬರ್ತೇನೆ ಅಂತಲೇ ಹೇಳಿದ್ದು."

ನನಗೆ ಮೈಯೆಲ್ಲ ಉರಿಯಿತು. ನಮ್ಮಲ್ಲಿ ಹೊರಡುವಾಗ ಯಾರೂ ಬರೀ 'ಹೋಗ್ತೇನೆ' ಎನ್ನುವುದಿಲ್ಲ, ಒಪ್ಪಿದೆ. ಆದರೆ ತೆರಿಗೆ ಇಲಾಖೆಯೇನು ಅತ್ತೆ ಮನೆಯೇ? ಬೈಯುತ್ತಲೇ ಹೊಸ ಅರ್ಜಿ ತಯಾರು ಮಾಡಿ, ಪ್ರಿಂಟ್ ತೆಗೆದು, ಸಹಿ ಹಾಕಿ ಎಂದೆ. 'ನಾನು ಈ ದೇಶ ಬಿಟ್ಟಿದ್ದೇನೆ, ಇನ್ನು ಬರುವುದಿಲ್ಲ' ಎಂಬ ಸಾಲನ್ನು ಕನ್ನಡದಲ್ಲಿ ಓದಿಯೂ ಹೇಳಿದೆ. ಓದಬಾರದಿತ್ತು. ಉದಯಣ್ಣ ಪೆನ್ನು ಕೆಳಗಿಟ್ಟರು. ಬೇರೆ ಶಬ್ದ ಹಾಕಲಿಕ್ಕೆ ಆಗುತ್ತದಾ ಎಂದು ಕೇಳಿದರು. ಆಗುವುದಿಲ್ಲ ಎಂದೆ. ಹಾಗಾದರೆ ಗಾಡಿ ಹೋದರೆ ಹೋಗಲಿ ಎಂದರು. ಅದೇ ಗಾಡಿಗಾಗಿ ತಿಂಗಳಾನುಗಟ್ಟಲೆ ನನ್ನ ಜೀವ ತಿಂದವರು ಇವರೇ!

ನಾನು ಬಾಯಿಗೆ ಬಂದದ್ದು ಹೇಳುವ ಮೊದಲೇ ನೀಲಾವತಿ ಅಮ್ಮ ಮಾತಾಡಿದರು.

"ಇವನ ಅಪ್ಪ ಆಸ್ಪತ್ರೆಗೆ ಹೊರಡುವಾಗ ಹೋಗ್ತೇನೆ ಅಂತ ಮಾತ್ರ ಹೇಳಿದ್ದು. ಬರ್ತೇನೆ ಅಂತ ಹೇಳಿ ಅಪ್ಪ ಅಂತ ಇವ ಜೀಪಿನ ಹಿಂದೆ ಓಡಿದ್ದ. ಅವರಿಗೆ ಕೇಳ್ಲಿಲ್ಲ. ಮತ್ತೆ ಬರ್ಲೂ ಇಲ್ಲ."

ಉದಯಣ್ಣ ಕಿಟಕಿಯ ಕಡೆ ಮುಖ ತಿರುಗಿಸಿದರು. ನನ್ನ ಸಿಟ್ಟು ಹಾಗೆಯೇ ಇತ್ತು, ಅದನ್ನು ಯಾರ ಮೇಲೆ ತೀರಿಸುವುದೆಂದು ಮಾತ್ರ ಗೊತ್ತಾಗಲಿಲ್ಲ. ಇಷ್ಟು ವರ್ಷಗಳಿಂದ ಒಂದು ಮಾತಿಗೆ ಹೆದರಿಕೊಂಡು ಬದುಕಿದ ಮನುಷ್ಯನನ್ನು ಕಂಡು ಸಂಕಟವೂ ಆಯಿತು.

"ಉದಯಣ್ಣ, ನೀವು ಮಂಡೆಕೋಲಿನಿಂದ ಹೊರಡುವಾಗ ಹೋಗಿ ಬರ್ತೇನೆ ಅಂತ ಯಾರ ಹತ್ರ ಹೇಳಿದ್ದು?"

"ಅಮ್ಮನ ಹತ್ರ."

"ಬಂದಿದ್ದೀರಲ್ಲ. ಆ ಮಾತು ಉಳಿಸಿಕೊಂಡಾಯ್ತು. ಇಲ್ಲಿ ಬರುದಿಲ್ಲ ಅಂತ ಬರಿಯುದು ಆ ಊರಿಗೆ, ಮನೆಗೆ ಅಲ್ಲ. ಮನೆಗೆ ಬಂದು ಮುಟ್ಟಿದವನಿಗೆ ಮಾತ್ರ ಹಾಗೆ ಬರಿಲಿಕ್ಕೆ ಆಗುದು."

ಅವರು ತಾಯಿಯ ಮುಖ ನೋಡಿದರು. ನೀಲಾವತಿ ಅಮ್ಮ ಪೆನ್ನು ಎತ್ತಿ ಮಗನ ಕೈಗೆ ಕೊಟ್ಟರು. ಸಹಿ ಬಿತ್ತು.

ಹೊರಗೆ ಬೇರೆ ಜನ ಕಾಯುತ್ತಿದ್ದರು. ಆಯಿತಲ್ಲ, ಇನ್ನು ಹೋಗಿ ಎಂದೆ. ತಾಯಿ ಎದ್ದರು, ಉದಯಣ್ಣ ಬಾಗಿಲಲ್ಲಿ ನಿಂತವರು ಕದಲಲೇ ಇಲ್ಲ. ಇನ್ನೆಂತ ಬಾಕಿ ಎಂದು ಕೇಳಲು ಹೊರಟವಳಿಗೆ ತಟ್ಟನೆ ಹೊಳೆಯಿತು.

"ಹೋಗಿ ಬನ್ನಿ," ಎಂದೆ. ಆಮೇಲೆ ಇಳಿದು ಹೋದರು.

ಬಿಸುವಿಗೆ ಮೊದಲೇ ಹಣ ಬಂತು. ಅದು ನನಗೆ ಗೊತ್ತಾದದ್ದು ಆಫೀಸಿನ ಕೆಳಗೆ ಕಿವಿ ಹರಿಯುವ ಹಾಗೆ ಹಾರ್ನ್ ಕೇಳಿದಾಗ. ಕಿಟಕಿಯಿಂದ ಬಗ್ಗಿ ನೋಡಿದರೆ ಅರ್ಧ ರಸ್ತೆಗೆ ಅಡ್ಡವಾಗಿ ಪಿಕಪ್ ನಿಂತಿದೆ, ಹಿಂದೆ ಬಸ್ಸಿನವರು ಬೈಯುತ್ತಿದ್ದಾರೆ. ಗಾಡಿ ತೆಗೀರಿ ಮಾರಾಯ್ರೆ ಎಂದು ನಾನೂ ಕೂಗಿದೆ. ಉದಯಣ್ಣನಿಗೆ ಯಾವುದೂ ನಾಟಲಿಲ್ಲ.

"ಗುಂಡ್ಯಕ್ಕೆ ಬಾಡಿಗೆ ಉಂಟು ಅಕ್ಕ. ರಾತ್ರಿ ಊಟಕ್ಕೆ ಬರ್ತೇನೆ ಅಂತ ಅಮ್ಮನ ಹತ್ರ ಹೇಳಿ ಬಂದಿದ್ದೇನೆ."