ಸೈಟು ನೋಡಿಕೊಡುವವರು

ಎದೆಮಟ್ಟ ತೋಡಿದ್ದ ಗುಂಡಿಯೊಳಗೆ ಚಿಕ್ಕಮಾದಯ್ಯನ ಹಾರೆ ಏನಕ್ಕೋ ಸಿಕ್ಕಿಕೊಂಡಿತು. ಎಳೆದರೆ ಹರಿದ ಪ್ಲಾಸ್ಟಿಕ್ ಚೀಲ, ಒಡೆದ ಹೆಂಚು, ಕಪ್ಪು ಕೆಸರು.

“ಇದು ಮಣ್ಣೇ ಅಲ್ಲ ಕಣ್ರವ್ವಾ, ತಿಪ್ಪೆ!”

ಅಂಚಿನಲ್ಲಿ ನಿಂತಿದ್ದ ವಸಂತಮ್ಮ ಬಗ್ಗಿ ನೋಡಿದರು. ಅವರು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವವರು. ಸ್ಮಶಾನದ ಬೇಲಿಯಾಚೆ ಚೌಡೇಶನ ಹೊಸ ಲೇಔಟು. ಅಲ್ಲಿನ ಒಂದು ಸೈಟನ್ನು ನಾಳೆ ಅವರ ಹೆಸರಿಗೆ ರಿಜಿಸ್ಟ್ರಿ ಮಾಡಿಸಬೇಕಿತ್ತು. ಮದುವೆಯಾದಾಗಿನಿಂದ ಮಗ್ಗದಲ್ಲಿ ಕೂತು ಕೂಡಿಟ್ಟದ್ದೆಲ್ಲ ಅದಕ್ಕೇ. ‘ನಾನು ಬಂದು ನೋಡೋವರೆಗೆ ಸಹಿ ಹಾಕಬೇಡಿ’ ಎಂದಿದ್ದ ಇಂಜಿನಿಯರ್ ಶಿವಕುಮಾರಸ್ವಾಮಿ ನಿನ್ನೆ ತೀರಿಕೊಂಡರು. ಈ ಗುಂಡಿ ಅವರಿಗೇ.

*

ನೀರಾವರಿ ಇಲಾಖೆಯಿಂದ ನಿವೃತ್ತರಾದ ಮೇಲೆ ಅವರಿಗೆ ಅದೇ ಕೆಲಸ. ಹನೂರಿನಿಂದ ಯಳಂದೂರಿನವರೆಗೆ ಯಾರು ಸೈಟು ಕೊಳ್ಳುವುದಾದರೂ ಸ್ಕೂಟರಿನಲ್ಲಿ ಬಂದು, ಗುಂಡಿ ತೋಡಿಸಿ ಮಣ್ಣು ನೋಡುತ್ತಿದ್ದರು. ಸೈಟು ಚೆನ್ನಾಗಿದ್ದರೆ ಕೊಳ್ಳುವವರು ಕೊಡಿಸಿದ ದೋಸೆ ತಿನ್ನುತ್ತಿದ್ದರು. ಬೇಡ ಎನ್ನಬೇಕಾದ ದಿನ ತಾವೇ ಕೊಡಿಸುತ್ತಿದ್ದರು.

ಕುಂತೂರಿನ ಬಳಿ ವಸಂತಮ್ಮನಿಗಾಗಿ ಮೊದಲ ಸೈಟು ನೋಡಿದ ದಿನ, ತಾವೇ ಹೋಟೆಲಿಗೆ ಕರೆದೊಯ್ದರು.

“ಕೆರೆ ಮುಚ್ಚಿ ಮಾಡವ್ರಾ ಸಾ?”

“ಮೊದಲು ತಿನ್ನಿ ತಾಯಿ, ಆರಿಹೋಗುತ್ತೆ.”

ದೋಸೆ ಮುಗಿದ ಮೇಲೆ ಮೆಲ್ಲಗೆ ಹೇಳಿದರು: “ಅಲ್ಲಿ ನೆಲ ಕೂರುತ್ತೆ. ಮಗ್ಗ ವಾಲಿದ್ರೆ ನಿಮ್ಮ ಸೀರೆ ಅಂಚು ಏನಾಗಬೇಕು? ಬೇರೆ ನೋಡೋಣ.”

*

ಜನ ಗುಂಡಿಯ ಸುತ್ತ ಸೇರುವುದನ್ನು ಕಂಡು ಚೌಡೇಶ ಓಡಿಬಂದ. “ಏಯ್, ಸಾಕು ನಿಲ್ಸ್ಲಾ! ಆ ಕಡೆ ಹಳೇ ಸಮಾಧಿಗಳ ತಾವ ತೋಡು. ಇದ ಮುಚ್ಚಾಕು.”

“ಲೇಔಟ್ ಮಟ್ಟ ಮಾಡ್ದಾಗ ಧರ್ಮಕ್ಕೆ ಅಂತ ಸ್ಮಶಾನದ ಈ ಮೂಲೇನೂ ಮಟ್ಟ ಮಾಡ್ಸಿದ್ದು ನೀವೇ ಅಲ್ವ್ರಾ ಸಾ?” ಎಂದ ಚಿಕ್ಕಮಾದಯ್ಯ. “ಎಲ್ಲಾ ಒಂದೇ ಲಾರಿ ಮಾಲು.”

ಹಿಂದೆ ಯಾರೋ ಟವೆಲಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

“ನನ್ನ ಸೈಟ್ಗೂ ಇದ್ನೇ ಸುರ್ದಿದ್ದೀಯೇನಪ್ಪಾ?” ವಸಂತಮ್ಮ ಚೌಡೇಶನತ್ತ ತಿರುಗಿದರು.

“ಸಾವಿನ್ ಮುಂದೆ ಯಾಪಾರದ್ ಮಾತ್ಯಾಕಮ್ಮ? ನಾಳೆ ಆಪೀಸತ್ರ ಬನ್ನಿ, ಮಾತಾಡನ.”

“ಬರಲ್ಲ ಕಣಪ್ಪ.”

ಹೊಂಗೆ ಮರದಡಿ ಶಿವಕುಮಾರಸ್ವಾಮಿಯವರ ಶವದ ಬಳಿ ಕೂತು ನೊಣ ಓಡಿಸುತ್ತಿದ್ದ ಅವರ ಹೆಂಡತಿ ಸರ್ವಮಂಗಳಮ್ಮ ಬೀಸಣಿಗೆ ನಿಲ್ಲಿಸಿದರು.

“ಅವರಿಗೆ ಗಟ್ಟಿ ನೆಲದಲ್ಲಿ ತೋಡಪ್ಪ. ಇದನ್ನ ಮುಚ್ಚಬೇಡ.”

“ತೋಡಿದ್ ಗುಂಡಿ ಬರಿದು ಬಿಡಬಾರ್ದು ಕಣ್ರಮ್ಮ, ಅಪಶಕುನ,” ಎಂದ ಚೌಡೇಶ.

“ನೋಡೋರು ನೋಡಿ ಹೋಗೋ ಗಂಟ ನಮ್ಮನೆಯವ್ರು ಯಾವ ಸೈಟಲ್ಲೂ ಗುಂಡಿ ಮುಚ್ಚಿಸಿದೋರಲ್ಲ. ಸಂಜೆವರೆಗೂ ಇರಲಿ.”

ಮಧ್ಯಾಹ್ನ ಕೆಮ್ಮಣ್ಣಿನ ಗಟ್ಟಿ ನೆಲದಲ್ಲಿ ಶಿವಕುಮಾರಸ್ವಾಮಿಯವರನ್ನು ಕೂರಿಸಿ, ವಿಭೂತಿ, ಬಿಲ್ವಪತ್ರೆ ಹಾಕಿ, ಎಲ್ಲರೂ ಹಿಡಿಹಿಡಿ ಮಣ್ಣು ಕೊಟ್ಟರು. ಜನ ಚದುರಿದರೂ ವಸಂತಮ್ಮ ಹೋಗಲಿಲ್ಲ.

ಹೊತ್ತು ಇಳಿಯುವಾಗ ಲೇಔಟಿನ ಬಾಗಿಲಲ್ಲಿ ಒಂದು ಕಾರು ನಿಂತಿತು. ಗಂಡ ಹೆಂಡತಿ ಇಬ್ಬರು ಸೈಟು ನೋಡಲು ಇಳಿದವರು, ಬೇಲಿಯಾಚೆ ಖಾಲಿ ಗುಂಡಿಯನ್ನೇ ನೋಡುತ್ತ ನಿಂತ ಹೆಂಗಸನ್ನು ಕಂಡು ಇತ್ತ ನಡೆದುಬಂದರು. ವಸಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಒಂದು ಹೆಜ್ಜೆ ಸರಿದು, ಅವರಿಗೆ ಅಂಚಿನಲ್ಲಿ ಜಾಗ ಮಾಡಿಕೊಟ್ಟರು.