ಏಳನೇ ಹಾಡಿನ ಎರಡನೇ ಟೇಕ್

ಸಂಸೆಯಿಂದ ಬೆಳಗಿನ ಮೊದಲ ಬಸ್ಸು ಹತ್ತಿದಾಗ ನನಗಿದ್ದ ಚಿಂತೆ ಡೈರಿಯಲ್ಲಿ ಬರೆಯಲೂ ನಾಚಿಕೆಯಾಗುವಷ್ಟು ಚಿಕ್ಕದು. ಇವತ್ತು ಎಲ್ಲರೆದುರು ಏಳನೇ ಹಾಡು ಹಾಕುತ್ತಾರೆ. ಆ ಐದು ನಿಮಿಷ ನಾನು ಮುಖ ಹೇಗಿಟ್ಟುಕೊಳ್ಳಬೇಕು? ಕಣ್ಣು ಮುಚ್ಚಿದರೆ ನಾಟಕ ಎಂದುಕೊಂಡಾರು. ಎದ್ದು ಹೊರಗೆ ಹೋದರೆ ಸಮಾಧಾನ ಹೇಳಲು ಹಿಂದೆಯೇ ಯಾರಾದರೂ ಬಂದಾರು. ಕಳಸ ದಾಟುವವರೆಗೂ ಕಿಟಕಿಯ ಗಾಜಿನಲ್ಲಿ ನೋಡಿಕೊಂಡು ಅಭ್ಯಾಸ ಮಾಡಿದೆ. ಪಕ್ಕದಲ್ಲಿದ್ದ ಹೆಂಗಸು, "ಹಲ್ಲು ನೋವಾ ಮಾರಾಯ್ತಿ?" ಎಂದು ಕೇಳಿದಳು. ಹೌದು ಎಂದೆ.

ಆ ಹಾಡು ಹಾಡಿದವನು ನನ್ನ ಅಣ್ಣ ದೇವೇಂದ್ರ. ನಮ್ಮೂರ ಹತ್ತಿರದ ಎಸ್ಟೇಟಿನಲ್ಲಿ ಪಲ್ಪರ್ ನಡೆಸುತ್ತಿದ್ದ. ಕೊಯ್ದು ತಂದ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಅದು. ಉಳಿದ ಹೊತ್ತೆಲ್ಲ ಗಿಟಾರು. ಗೋಣಿಬೀಡಿನಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಸಫ್ದರ್ ಡ್ರಮ್ಸ್ ಬಾರಿಸುತ್ತಿದ್ದ, ಮೂಡಿಗೆರೆಯ ಲಿಖಿತ್ ಬೇಸ್ ಗಿಟಾರು ನುಡಿಸುತ್ತಿದ್ದ. ಮೂವರೂ ಸೇರಿ ತಂಡಕ್ಕೆ 'ಸಿಪ್ಪೆಗುಂಡಿ' ಎಂದು ಹೆಸರಿಟ್ಟರು. "ನಾರೋ ಹೆಸ್ರೇ ಬೇಕಿತ್ತಾ ನಿಮ್ಗೆ?" ಎಂದಿದ್ದಳು ಅಮ್ಮ.

ಹೋದ ವರ್ಷದ ಫೆಬ್ರವರಿಯಲ್ಲಿ, ಕೊಯ್ಲಿನ ಕೊನೆಯ ವಾರಗಳಲ್ಲಿ, ಆ ಪಲ್ಪರ್ ಮನೆಯಲ್ಲೇ ಎಂಟು ಹಾಡು ರೆಕಾರ್ಡ್ ಮಾಡಿದರು. ತ್ರೀ ಫೇಸ್ ಕರೆಂಟು ದಿನಕ್ಕೆ ಆರೇಳು ಗಂಟೆ ಮಾತ್ರ. ಅದು ಇದ್ದಾಗಲೇ ಪಲ್ಪರ್ ಓಡಬೇಕು, ಪಲ್ಪರ್ ಓಡುವಾಗ ಅಣ್ಣ ಅದನ್ನು ಬಿಟ್ಟು ಬರುವಂತಿಲ್ಲ. ಹಾಗಾಗಿ ಮೋಟಾರು ಗುಂಯ್‌ಗುಡುತ್ತಿರುವಾಗಲೇ ಹಾಡಬೇಕಿತ್ತು. ಆಲ್ಬಮ್ಮಿನ ಹೆಸರೂ 'ತ್ರೀ ಫೇಸ್' ಎಂದೇ ಆಯಿತು. ಹೊರಬಂದದ್ದು ಜೂನಿನಲ್ಲಿ. ಅಷ್ಟರಲ್ಲಿ ಅಣ್ಣ ಹೋಗಿ ನಾಲ್ಕು ತಿಂಗಳಾಗಿತ್ತು.

ಮಂಗನ ಕಾಯಿಲೆ. ಪಲ್ಪರಿಗೆ ನೀರು ತರುವ ಪೈಪು ಸರಿಮಾಡಲು ಅವನು ಕಾಡಿನಂಚಿಗೆ ಹೋಗಿಬರುತ್ತಿದ್ದ. ಆ ಕಾಯಿಲೆ ಹರಡುವ ಉಣುಗು ಕಚ್ಚದಿರಲಿ ಎಂದು ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆಯನ್ನು ಮನೆಮನೆಗೂ ಕೊಟ್ಟಿದ್ದರು. ಅದನ್ನು ಹಚ್ಚಿಕೊಂಡರೆ ತಂತಿಯ ಮೇಲೆ ಬೆರಳು ಜಾರುತ್ತದೆ ಎಂದು ಅಣ್ಣ ಬಾಟಲಿಯ ಮುಚ್ಚಳವನ್ನೇ ತೆಗೆಯಲಿಲ್ಲ.

ಯಾರಿಗೂ ಹೇಳದ ಸಂಗತಿಯೊಂದು ನನ್ನ ಬಳಿ ಇದೆ. ಕೊನೆಯದಾಗಿ ಉಳಿದಿದ್ದ ಏಳನೇ ಹಾಡಿನ ದಿನ ಅವನಿಗೆ ಚಹಾದ ಲೋಟ ಕೊಡುವಾಗ ಕೈಗೆ ಕೈ ತಾಗಿತು. ಕಾದ ಹೆಂಚಿನ ಹಾಗಿತ್ತು. "ಅಮ್ಮಂಗೆ ಹೇಳ್ಬೇಡ ರಂಜು. ಮೈಕೈ ನೋವು ಅಷ್ಟೇ," ಎಂದ. ಕೊಯ್ಲಿನ ಕಾಲದಲ್ಲಿ ಮೈಕೈ ನೋವಿಲ್ಲದವರು ಎಸ್ಟೇಟಿನ ಕೆಲಸಗಾರರು ಇರುವ ನಮ್ಮ ಲೈನ್ ಮನೆಗಳಲ್ಲಿ ಯಾರಿದ್ದಾರೆ? ಅರ್ಧ ಜನ ಜ್ವರದ ಮಾತ್ರೆ ನುಂಗಿಯೇ ಕೊಯ್ಯಲು ಹೋಗುತ್ತಾರೆ. ನಾನೂ ಚೀಲದಿಂದ ಒಂದು ಮಾತ್ರೆ ಕೊಟ್ಟೆ. ಅವನು ಹಾಡಿದ. ಯಾವ ಹಾಡಿಗೆ ಎಷ್ಟು ಟೇಕ್, ಯಾವುದು ಸರಿಬಂತು ಎಂದು ಬರೆದುಕೊಳ್ಳುವುದು ನನ್ನ ಕೆಲಸ. ಅದಕ್ಕೇ ಅವರೆಲ್ಲ ನನ್ನನ್ನು ಎಸ್ಟೇಟಿನ ಗುಮಾಸ್ತರನ್ನು ಕರೆಯುವಂತೆ 'ರೈಟ್ರೇ' ಎನ್ನುತ್ತಿದ್ದರು. ಹಾಡು ಮುಗಿದಾಗ ಅಣ್ಣ ನನ್ನ ಕಡೆ ನೋಡಿದ. ನಾನು ಹೇಳಿದೆ: "ಚೆನ್ನಾಗಿದೆ, ಆದ್ರೆ ಪಾಠ ಒಪ್ಪಿಸ್ದಂಗಿದೆ. ಇನ್ನೊಂದ್ ಸಲ ಹಾಡಣ್ಣ."

ನಾನು ಬಾಯಿ ಬಿಡುವುದೇ ಅಪರೂಪ. ಹಾಗಾಗಿ ಬಿಟ್ಟಾಗ ಮೂವರೂ ಕೇಳುತ್ತಿದ್ದರು.

ಎರಡನೇ ಸಲ ಹಾಡಿ ಅವನು ಗೋಣಿಚೀಲಗಳ ಮೇಲೆ ಕುಸಿದು ಕುಳಿತ. ದಣಿವು ಎಂದುಕೊಂಡೆವು. ನಾನು ಅಮ್ಮನಿಗೆ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಮೂರನೇ ದಿನ ಒಸಡಿನಲ್ಲಿ ರಕ್ತ ಕಂಡಿತು. ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು, ಎರಡು ದಿನ ಮೊದಲೇ ತಂದಿದ್ದರೆ ನೋಡಬಹುದಿತ್ತು ಎಂದರು. ಆ ಮಾತನ್ನು ಅಮ್ಮ ಈಗಲೂ ಪಾತ್ರೆ ತೊಳೆಯುತ್ತಾ ತನ್ನಷ್ಟಕ್ಕೇ ಹೇಳಿಕೊಳ್ಳುತ್ತಾಳೆ. "ಎರಡ್ ದಿನ ಮೊದ್ಲು ಗೊತ್ತಾಗಿದ್ರೆ." ಗೊತ್ತಿದ್ದವಳು ಒಳಗಿನ ಕೋಣೆಯಲ್ಲಿ ಡೈರಿ ಹಿಡಿದು ಕುಳಿತಿರುತ್ತಾಳೆ. ಆ ದಿನದ ಪುಟದಲ್ಲಿ ಇರುವುದು ಇಷ್ಟೇ: 'ಹಾಡು ಏಳು. ಟೇಕ್ ಎರಡು. ಓಕೆ.'

ಗೋಣಿಬೀಡಿನಲ್ಲಿ ಸಫ್ದರನ ಅಂಗಡಿಯ ಮೇಲಿನ ಕೋಣೆಯಲ್ಲಿ ಹದಿನೈದು ಜನ ಸೇರಿದ್ದರು. ಕುರ್ಚಿ ಸಾಲದೆ ಕೆಲವರು ಹಳೆಯ ಟಯರುಗಳ ಮೇಲೆ ಕುಳಿತಿದ್ದರು. ವರ್ಷ ತುಂಬಿದ ನೆನಪಿಗೆ ಆಲ್ಬಮ್ಮನ್ನು ಮತ್ತೆ ತರಬೇಕು, ಅದಕ್ಕೆ ಮೊದಲು ಕೇಳುಗರ ಮಾತು ಕೇಳಬೇಕು ಎಂಬುದು ಲಿಖಿತನ ಯೋಚನೆ. ನಾನು ಬಾಗಿಲ ಪಕ್ಕದ ಟಯರು ಹಿಡಿದೆ.

ಬಂದವರಲ್ಲಿ ಹಿರಿಯರು ಶಾಂತವೀರಪ್ಪ. ಒಂದು ಕಾಲದಲ್ಲಿ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿದವರು, ಈಗ ಮದುವೆಮುಂಜಿಗಳಿಗೆ ಮೈಕ್‌ಸೆಟ್ ಬಾಡಿಗೆ ಕೊಡುತ್ತಾರೆ. ಚರ್ಚೆ ಶುರುಮಾಡಿದ್ದೂ ಅವರೇ.

"ಸಫ್ದರೂ, ಬೇಜಾರ್ ಮಾಡ್ಕೋಬೇಡ. ನಿನ್ನ ಡ್ರಮ್ಸು ತಗಡಿನ ಮೇಲೆ ನೆಲ್ಲಿಕಾಯಿ ಉದುರ್ದಂಗೆ ಕೇಳ್ತದೆ."

"ನಿಮ್ಮ ಮೈಕಲ್ಲಿ ಮದ್ವೆ ಮಂತ್ರನೂ ಜಗಳ ಆಡ್ದಂಗೆ ಕೇಳ್ತದೆ ಶಾಂತವೀರಪ್ಪೋರೆ. ನಾವೇನ್ ಅಂದ್ವಾ?"

ಎಲ್ಲರೂ ನಕ್ಕರು. ಚಿಕ್ಕಮಗಳೂರಿನಿಂದ ಬಂದಿದ್ದ ಕಪ್ಪು ಟೀಶರ್ಟಿನ ಹುಡುಗನೊಬ್ಬ ಕೈ ಎತ್ತಿ, ಇಡೀ ಆಲ್ಬಮ್ಮಿನ ಅಡಿಯಲ್ಲಿ ಒಂದು ಗುಂಯ್ ಸದ್ದು ಇದೆಯಲ್ಲ, ಅದು ಯಾವ ಸಿಂಥ್, ಅಂದರೆ ಯಾವ ಎಲೆಕ್ಟ್ರಾನಿಕ್ ವಾದ್ಯ, ಎಂದು ಕೇಳಿದ. ಲಿಖಿತ್ ಅದಕ್ಕಾಗಿಯೇ ಕಾದಿದ್ದವನಂತೆ ಹೇಳಿದ:

"ಸಿಂಥ್ ಎಲ್ಲಿಂದ ತರೋಣ ಮಾರಾಯ? ಅದು ಪಲ್ಪರ್ ಮೋಟಾರು. ತೆಗ್ಯಕ್ಕಾಗಲ್ಲ ಅಂತ ಗೊತ್ತಾದ್ಮೇಲೆ ದೇವು ಗಿಟಾರ್ ತಂತಿನೇ ಮೋಟಾರಿಗೆ ಶ್ರುತಿ ಮಾಡ್ಬಿಟ್ಟ. ಒಟ್ಟಿಗೆ ಜಾಸ್ತಿ ಹಣ್ಣು ಸುರಿದ್ರೆ ಮೋಟಾರಿನ ಸ್ವರ ಇಳೀತಿತ್ತು. ನಾವೂ ತಂತಿ ಇಳಿಸ್ಕೊಳ್ತಿದ್ವಿ."

"ಅದಕ್ಕೇ ನಾಲ್ಕನೇ ಹಾಡು ಅಷ್ಟು ಭಾರ!" ಎಂದಳು ನಜ್ಮಾ. ಮೂಡಿಗೆರೆಯ ಕಾಲೇಜಿನಲ್ಲಿ ಓದುವ ಹುಡುಗಿ. ಎಂಟೂ ಹಾಡು ಅವಳಿಗೆ ಬಾಯಿಪಾಠ. ತನ್ನ ನೋಟುಬುಕ್ಕಿನ ರಟ್ಟಿನ ಮೇಲೆ ಅಣ್ಣನ ಚಿತ್ರ ಬರೆದುಕೊಂಡಿದ್ದಳು. ಮೂಗು ಸ್ವಲ್ಪ ಉದ್ದವಾಗಿತ್ತು.

"ಭಾರ ಅಲ್ಲಮ್ಮ, ಅಪಸ್ವರ," ಎಂದರು ಶಾಂತವೀರಪ್ಪ. "ಹೊಸದಾಗಿ ತರೋದಾದ್ರೆ ಆ ಗುಂಯ್ ತೆಗೀರಿ. ಈಗ ಅದಕ್ಕೆಲ್ಲ ಕಂಪ್ಯೂಟರ್ ಇದೆ."

"ತೆಗೆದ್ರೆ ಎಂತ ಉಳೀತದೆ ಸಾರ್? ಯಾವುದೋ ಸ್ಟುಡಿಯೋದ ಹುಡುಗ್ರು ಹಾಡ್ದಂಗಿರ್ತದೆ," ಎಂದಳು ನಜ್ಮಾ.

ಕೇಳುತ್ತಾ ನನಗೆ ಸಂಕಟದ ನಡುವೆಯೂ ಹಿತವಾಗುತ್ತಿತ್ತು. ಮನೆಯಲ್ಲಿ ಅಣ್ಣನ ಮಾತೆತ್ತಿದರೆ ಆಸ್ಪತ್ರೆಗೇ ಹೋಗಿ ನಿಲ್ಲುತ್ತದೆ. ಇಲ್ಲಿ ಅವನ ಬಗ್ಗೆ ಜಗಳ ನಡೆಯುತ್ತಿತ್ತು, ಅವನು ಈಗಷ್ಟೇ ಬೀಡಿ ಸೇದಲು ಕೆಳಗಿಳಿದಿದ್ದಾನೆ ಎಂಬಂತೆ.

ಆಮೇಲೆ ಏಳನೇ ಹಾಡಿನ ಸರದಿ ಬಂತು. ಅದರ ಹೆಸರು 'ಕಣ'. ಬೆಳಿಗ್ಗೆ ಕಾಫಿ ಬೀಜವನ್ನು ಹರವಿ, ಸಂಜೆ ಬಾಚಿ ರಾಶಿಮಾಡಿ, ಟಾರ್ಪಾಲು ಹೊದಿಸುವ ಕಣ. ಒಂದು ಚರಣವಾದ ಮೇಲೆ ಅದರಲ್ಲಿ ಇರುವುದು ಒಂದೇ ಸಾಲು: ಹರವಿ ಹೋದೆ ನೀನು, ಬಾಚಲು ಬರಲಿಲ್ಲ. ಆರು ಸಲ. ನಾಲ್ಕನೆಯ ಸಲಕ್ಕೆ ದನಿ ಬಿರುಕು ಬಿಡುತ್ತದೆ, ಆರನೆಯದಕ್ಕೆ ಉಸಿರು ಮಾತ್ರ. ಈ ಹಾಡನ್ನೇ ಜನ ಸಾವಿರಾರು ಸಲ ಹಂಚಿಕೊಂಡದ್ದು. ನಾನು ಮಾತ್ರ ಹೋದ ಫೆಬ್ರವರಿಯ ನಂತರ ಒಮ್ಮೆಯೂ ಕೇಳಿರಲಿಲ್ಲ.

ಲಿಖಿತ್ ಅದನ್ನು ಹಾಕಲಿಲ್ಲ. "ಇದು ಎಲ್ರಿಗೂ ಗೊತ್ತಿರೋದೇ. ಗೊತ್ತಿಲ್ದೇ ಇರೋದೊಂದಿದೆ," ಎಂದ. "ಇದಕ್ಕೆ ಮೊದಲ್ನೇ ಟೇಕ್ ಒಂದಿತ್ತು. ಕೇಳಿ. ಹೊಸದ್ರಲ್ಲಿ ಯಾವುದು ಇರ್ಬೇಕು ಅಂತ ನೀವೇ ಹೇಳಿ."

ಇದನ್ನು ಹಾಕುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ.

ಅಣ್ಣನ ದನಿ ಕೋಣೆ ತುಂಬಿತು. ನೇರವಾದ, ಸ್ವಚ್ಛವಾದ ದನಿ. ಮೊದಲ ಚರಣ ಮುಗಿಯಿತು, ಆ ಸಾಲು ಒಮ್ಮೆ ಬಂತು, ಆಮೇಲೆ ಇವರು ಯಾರೂ ಕೇಳಿರದ ಎರಡನೇ ಚರಣ:

ಬಿಸಿಲಿರುವ ತನಕ ನೀನೂ ಇದ್ದೆ,
ಇಬ್ಬನಿಯ ಹೊತ್ತಿಗೆ ನಾನೊಬ್ಬನೇ.
ಟಾರ್ಪಾಲಿನಡಿಯಲ್ಲಿ ಕೈಯಿಟ್ಟು ನೋಡು,
ಇನ್ನೂ ಬೆಚ್ಚಗಿದ್ದೇನೆ.

ಪಾಠ ಒಪ್ಪಿಸಿದ ಹಾಗೆ ಇರಲಿಲ್ಲ. ಎಲ್ಲಿಯೂ ಇರಲಿಲ್ಲ. ಅಂದು ನನಗೆ ಹಾಗೆ ಕೇಳಿಸಿದ್ದೇಕೆ ಎಂದು ಎಷ್ಟು ಕಿವಿಗೊಟ್ಟರೂ ತಿಳಿಯಲಿಲ್ಲ. ಯಾವ ತಪ್ಪೂ ಇಲ್ಲದ ಹಾಡನ್ನು ನಾನು ಸಾಲದು ಎಂದಿದ್ದೆ.

ಹಾಡು ಮುಗಿಯಿತು. ಮೊದಲು ಮಾತಾಡಿದವಳು ನಜ್ಮಾ.

"ಚರಣ ಚೆನ್ನಾಗಿದೆ. ಆದ್ರೆ ನಂಗೆ ಆಲ್ಬಮ್ಮಲ್ಲಿರೋದೇ ಬೇಕು. ಬರೆದಿದ್ದ ಚರಣನೇ ಬಿಟ್ಟು ಒಂದೇ ಸಾಲನ್ನ ಆರು ಸಲ ಹೇಳೋ ಧೈರ್ಯ ಯಾರಿಗಿದೆ? ಹಾಡು ಬರೆಯೋದು ಅಂದ್ರೆ ಅದೇ. ಮಾತು ಮುಗಿದುಹೋಯ್ತು ಅಂತ ಹಾಡಿನಲ್ಲೇ ತೋರಿಸ್ಬಿಟ್ರು."

"ಹೌದು ಹೌದು. ದನಿ ಒಡೆಯೋದಿದೆಯಲ್ಲ, ಅದನ್ನ ಬೇಕು ಅಂದ್ರೂ ತರಕ್ಕಾಗಲ್ಲ," ಎಂದ ಕಪ್ಪು ಟೀಶರ್ಟು.

ಲಿಖಿತ್ ತಲೆಯಾಡಿಸಿದ. ಆರು ಸಲ ಹೇಳಿದ್ದು ಧೈರ್ಯದಿಂದಲ್ಲ. ಎರಡನೇ ಚರಣದ ಹೊತ್ತಿಗೆ ಅಣ್ಣ ಕಣ್ಣು ಕಿರಿದುಮಾಡಿ ಎದುರಿನ ಗೋಡೆ ನೋಡಿದ್ದು, ಪದ ಹುಡುಕಿದ್ದು, ಸಿಗದೆ ಹಳೆಯ ಸಾಲಿಗೇ ಮರಳಿದ್ದು ನನ್ನ ಕಣ್ಣಮುಂದೆ ಇತ್ತು. ತಾನೇ ಬರೆದ ಪದಗಳು ಅವನಿಗೆ ಮರೆತುಹೋಗಿದ್ದವು. ಆಗ ನಾನೂ ಇವರಂತೆಯೇ, ಆಹಾ, ಎಂದುಕೊಂಡಿದ್ದೆ.

"ಕೈ ಎತ್ತಿ ನೋಡಣ," ಎಂದ ಲಿಖಿತ್. "ಎರಡನೇ ಟೇಕ್ ಇರ್ಲಿ ಅನ್ನೋರು?"

ಹನ್ನೆರಡು ಕೈ ಎದ್ದವು. ಸಫ್ದರ್ ಕೈ ಎತ್ತಲಿಲ್ಲ. ಶಾಂತವೀರಪ್ಪನವರೂ ಎತ್ತಲಿಲ್ಲ.

"ಒಂದ್ನಿಮಿಷ," ಎಂದರು ಅವರು. ದನಿಯಲ್ಲಿ ಮೊದಲಿನ ತಮಾಷೆ ಇರಲಿಲ್ಲ. "ಮೂವತ್ತು ವರ್ಷ ಹಾಡುಗಾರ್ರ ಹಿಂದೆ ನಿಂತು ನುಡಿಸಿದೀನಿ. ಶೀತ ಆದೋನು, ಕುಡಿದೋನು, ಹೆಂಡ್ತಿ ಹತ್ರ ಜಗಳ ಮಾಡ್ಕೊಂಡ್ ಬಂದೋನು, ಎಲ್ಲರ ದನಿನೂ ಗೊತ್ತು ನಂಗೆ. ಇಷ್ಟ್ ದಿನ ಹೋಲಿಸಕ್ಕೆ ಇನ್ನೊಂದು ಇರ್ಲಿಲ್ಲ. ಈಗ ಇದೆ. ಆ ಎರಡನೇದು ಭಾವ ಅಲ್ಲ ಮಕ್ಕಳೇ. ಮೈಯಲ್ಲಿ ಜ್ವರ ಇಟ್ಕೊಂಡು ಹಾಡಿರೋದು."

ಎತ್ತಿದ್ದ ಕೈಗಳು ಒಂದೊಂದಾಗಿ ಇಳಿದವು. ಶಾಂತವೀರಪ್ಪ ಮುಂದುವರಿಸಿದರು:

"ಮೊದಲ್ನೇದು ಇಷ್ಟು ಚೆನ್ನಾಗಿ ಬಂದಿತ್ತಲ್ಲ. ಹುಷಾರಿಲ್ದೋನ ಹತ್ರ ಇನ್ನೊಂದ್ ಸಲ ಹಾಡ್ಸಿದ್ ಯಾರು?"

ಲಿಖಿತ್ ನನ್ನ ಕಡೆ ನೋಡಿ ತಕ್ಷಣ ಫೋನಿನತ್ತ ಬಗ್ಗಿದ. ಅವನಿಗೆ ನೆನಪಿತ್ತು. ಆದರೆ ಅವನಿಗೆ ಗೊತ್ತಿದ್ದದ್ದು ಅರ್ಧ ಮಾತ್ರ. ಜ್ವರದ ಸುದ್ದಿ ಅವನಿಗೂ ಗೊತ್ತಿರಲಿಲ್ಲ.

"ನಾನು," ಎಂದ ಸಫ್ದರ್.

ಅವನು ಕಿಟಕಿಯ ಬಳಿ ನಿಂತಿದ್ದ, ಉಗುರುಗಳಲ್ಲಿ ಗ್ರೀಸು. "ನಾನೇ ಅಂದಿದ್ದು. ಡ್ರಮ್ಸ್ ಸ್ವಲ್ಪ ತಪ್ಪಿತ್ತು, ಇನ್ನೊಂದ್ ಸಲ ಹೋಗಣ ಅಂದೆ. ಅವ್ನಿಗೆ ಹುಷಾರಿಲ್ಲ ಅಂತ ನಂಗೊತ್ತಿರ್ಲಿಲ್ಲ ಸಾರ್."

ನಜ್ಮಾ ತಿರುಗಿ ಅವನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು. "ಡ್ರಮ್ಸ್ ತಪ್ಪಿತು ಅಂತ? ಅಷ್ಟಕ್ಕಾ?" ಎಂದಳು. ನೋಟುಬುಕ್ಕನ್ನು ಎದೆಗೊತ್ತಿಕೊಂಡು, "ಅಷ್ಟಕ್ಕಾ ಸಫ್ದರಣ್ಣ?" ಎಂದು ಮತ್ತೆ ಕೇಳಿದಳು.

ಅವನು ತಲೆ ತಗ್ಗಿಸಿದ. ಮೊದಲನೇ ಟೇಕಿನಲ್ಲಿ ಡ್ರಮ್ಸ್ ತಪ್ಪಿರಲಿಲ್ಲ; ಈಗಷ್ಟೇ ಎಲ್ಲರೂ ಕೇಳಿದ್ದರು, ಯಾರೂ ಗಮನಿಸಿರಲಿಲ್ಲ. ನನ್ನ ಕಡೆ ಅವನು ನೋಡಲೇ ಇಲ್ಲ. ಈ ಸುಳ್ಳನ್ನು ಅವನು ಇವತ್ತು ಹೊಸೆದಿರಲಾರ. ಯಾವತ್ತಾದರೂ ಯಾರಾದರೂ ಕೇಳಿಯೇ ಕೇಳುತ್ತಾರೆ ಎಂದು ವರ್ಷವಿಡೀ ಸಿದ್ಧ ಮಾಡಿಕೊಂಡಿದ್ದ. ನಾಳೆಯಿಂದ ಈ ಹದಿನೈದು ಜನರ ಬಾಯಲ್ಲಿ, ಅವರ ಫೋನುಗಳಲ್ಲಿ, ದೇವೇಂದ್ರನನ್ನು ಜ್ವರದಲ್ಲಿ ಹಾಡಿಸಿದವನು ಸಫ್ದರ್ ಆಗಿರುತ್ತಾನೆ. ಸುದ್ದಿ ಸಂಸೆಗೆ ಬರಲು ಎರಡು ದಿನ ಸಾಕು. ಪ್ರತಿ ತಿಂಗಳು ಬಂದು ಅಡುಗೆಮನೆಯ ಮಣೆಯ ಮೇಲೆ ಕುಳಿತು ಚಹಾ ಕುಡಿದು ಹೋಗುವ ಇವನ ಮುಖವನ್ನು ಅಮ್ಮ ಆಮೇಲೆ ನೋಡಲಾರಳು.

ನಾನು ಎದ್ದು ನಿಂತೆ. ಕುಳಿತಿದ್ದ ಟಯರು ಮಗುಚಿ ಬಿತ್ತು. ಎಲ್ಲರೂ ತಿರುಗಿದರು. ನಾನು ಅವರೊಡನೆ ಒಂದು ಮಾತೂ ಆಡಿದವಳಲ್ಲ. ನನ್ನ ದನಿ ಹೇಗಿದೆ ಎಂಬುದೇ ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ.

"ಕೂತ್ಕೊಳ್ಳಿ ರೈಟ್ರೇ," ಎಂದ ಸಫ್ದರ್ ಮೆಲ್ಲಗೆ. "ಬಿಡಿ. ಆಗಿದ್ದಾಯ್ತು."

"ಸಫ್ದರಣ್ಣ ಅಲ್ಲ," ಎಂದೆ. ನಿಲ್ಲಿಸಿ, ಮತ್ತೆ ಹೇಳಿದೆ. "ಮೈ ಸುಡ್ತಿತ್ತು ಅವನಿಗೆ. ಮುಟ್ಟಿ ನೋಡಿದ್ದು ನಾನೊಬ್ಳೇ. ಗೊತ್ತಿದ್ದೂ ನಾನೇ ಹಾಡ್ಸಿದ್ದು."